ಮೊದಲನೇ ಗಂಟೆಯ ಹಾಜರಿ

ನಮ್ಮ ಕಾಲೇಜಿನಲ್ಲಿ ಹಾಜರಿ ಕರೆಯುವುದು ದಿನಕ್ಕೆ ಒಂದೇ ಸಲ, ಬೆಳಿಗ್ಗೆ ಮೊದಲನೇ ಗಂಟೆಯಲ್ಲಿ. ಉಳಿದ ಗಂಟೆಗಳಿಗೆ ಪಾಠ ಮಾಡುವವರೆಲ್ಲ ತಿಂಗಳ ಕೊನೆಗೆ ಆ ಹಾಜರಿ ಪುಸ್ತಕ ತರಿಸಿಕೊಂಡು ತಮ್ಮ ತಮ್ಮ ಪುಸ್ತಕಕ್ಕೆ ನಕಲು ಮಾಡಿಕೊಳ್ಳುತ್ತೇವೆ. ಇದನ್ನು ಯಾರು ಶುರು ಮಾಡಿದರೋ ದೇವರಿಗೇ ಗೊತ್ತು. ನಾನು ಕೆಲಸಕ್ಕೆ ಸೇರಿದ ಹೊಸದರಲ್ಲಿ ಹಿರಿಯ ಮೇಡಂ ಒಬ್ಬರು, "ಗಂಟೆಗೊಂದ್ ಸಲ ಹೆಸರು ಕೂಗ್ತಾ ನಿಂತ್ರೆ ಪಾಠ ಯಾವಾಗ್ ಮಾಡ್ತೀರಿ ಕಣ್ರೀ?" ಎಂದಿದ್ದರು. ನನಗೂ ಸರಿಯೆನಿಸಿತು. ನನ್ನ ಸೋಮಾರಿತನಕ್ಕೆ ಯಾರಾದರೂ ಒಳ್ಳೆಯ ಕಾರಣ ಒದಗಿಸಿಕೊಟ್ಟರೆ ನಾನು ಬೇಡ ಎನ್ನುವವಳಲ್ಲ.

ಯಲಹಂಕದ ಹಳೇ ಊರಿನ ಅಂಚಿನಲ್ಲಿರುವ ಪುಟ್ಟ ಡಿಗ್ರಿ ಕಾಲೇಜು ಅದು. ನಾಲ್ಕೂ ಕಡೆ ಅಪಾರ್ಟ್‌ಮೆಂಟುಗಳು ಎದ್ದು, ನಮ್ಮ ಹೆಂಚಿನ ಕಟ್ಟಡ ನಡುವೆ ದ್ವೀಪದ ಹಾಗೆ ಉಳಿದುಕೊಂಡಿದೆ. ಆ ಅಪಾರ್ಟ್‌ಮೆಂಟುಗಳ ಮಕ್ಕಳು ನಮ್ಮ ಗೇಟಿನ ಕಡೆ ತಿರುಗಿಯೂ ನೋಡುವುದಿಲ್ಲ. ಅಲ್ಲಿ ಮನೆಗೆಲಸಕ್ಕೆ ಹೋಗುವವರ, ಗೇಟು ಕಾಯುವವರ ಮಕ್ಕಳು ನಮ್ಮಲ್ಲಿಗೆ ಬರುತ್ತಾರೆ. ನಾನು ಅರ್ಥಶಾಸ್ತ್ರ ಹೇಳುತ್ತೇನೆ. ಸಿಡುಕಿ ಎಂದು ಮಕ್ಕಳು ಇಟ್ಟಿರುವ ಹೆಸರು ನನಗೆ ಗೊತ್ತು. ಸುಳ್ಳೇನಲ್ಲ.

ಏಳು ವರ್ಷದ ಹಿಂದೆ, ಮಕ್ಕಳು ಕಡಿಮೆ ಇರುವ, ರಿಸಲ್ಟ್ ಚೆನ್ನಾಗಿಲ್ಲದ ಕಾಲೇಜುಗಳನ್ನೆಲ್ಲ ಮುಚ್ಚಿ ದೊಡ್ಡ ಕಾಲೇಜಿಗೆ ಸೇರಿಸುತ್ತಾರೆ ಎಂಬ ಸುದ್ದಿ ಹಬ್ಬಿತು. ನಮ್ಮ ಪ್ರಿನ್ಸಿಪಾಲರು ಪಾಪದ ಮನುಷ್ಯ. ಫಲಿತಾಂಶ ಸುಧಾರಣಾ ಸಮಿತಿ ಎಂದು ಒಂದನ್ನು ಮಾಡಿ ನನ್ನನ್ನು ಅದರ ಮುಖ್ಯಸ್ಥೆಯಾಗಿ ಕೂರಿಸಿದರು. "ಮೇಡಂ, ಈ ವರ್ಷ ರಿಸಲ್ಟ್ ಏರ್ಲಿಲ್ಲ ಅಂದ್ರೆ ಬೀಗ ಹಾಕ್ಕೊಂಡ್ ಹೋಗೋದೇ" ಎಂದರು. ಸಂಜೆ ಹೊತ್ತು ಸ್ಪೆಷಲ್ ಕ್ಲಾಸ್ ಇಟ್ಟೆವು, ಹಳೆಯ ಪ್ರಶ್ನೆಪತ್ರಿಕೆ ಬರೆಸಿದೆವು. ಅಷ್ಟಕ್ಕೇ ನಿಲ್ಲಿಸಿದ್ದರೆ ಇವತ್ತು ಇದನ್ನು ಬರೆಯುತ್ತಿರಲಿಲ್ಲ.

ಒಂದು ಮೀಟಿಂಗಿನಲ್ಲಿ ನನ್ನ ಬುದ್ಧಿ ಚುರುಕಾಯಿತು. ಪರೀಕ್ಷೆಗೆ ಕೂತವರಲ್ಲಿ ಎಷ್ಟು ಜನ ಪಾಸಾದರು ಎಂಬುದನ್ನಷ್ಟೇ ಮೇಲಿನವರು ನೋಡುತ್ತಾರೆ, ಕೂರದೇ ಇದ್ದವರು ಲೆಕ್ಕಕ್ಕೇ ಇಲ್ಲ. "ಹಾಜರಿ ಶಾರ್ಟೇಜ್ ಇರೋರನ್ನ ಪ್ರತಿ ವರ್ಷ ಅಯ್ಯೋ ಪಾಪ ಅಂತ ಬಿಟ್‌ಬಿಡ್ತೀವಿ. ಈ ಸಲ ರೂಲ್ಸ್ ಪ್ರಕಾರ ಹಾಲ್ ಟಿಕೆಟ್ ತಡೀರಿ. ಫೇಲಾಗೋರೆಲ್ಲ ಅದ್ರಲ್ಲೇ ಇದಾರೆ" ಎಂದೆ. ಪ್ರಿನ್ಸಿಪಾಲರು ಕನ್ನಡಕ ತೆಗೆದು ಒರೆಸಿಕೊಂಡು, "ರೂಲ್ಸೇ ಅಲ್ವಾ" ಎಂದರು. ಶಾರ್ಟೇಜ್ ಪಟ್ಟಿ ಮಾಡುವ ಕೆಲಸವೂ ನನಗೇ ಬಂತು.

ಪಟ್ಟಿಯಲ್ಲಿ ಆರು ಹೆಸರು ಬಂದವು. ಐದು ಜನ ನಿಜಕ್ಕೂ ಕಾಲೇಜಿನ ಮುಖ ನೋಡದವರು. ಆರನೆಯವಳು ಕೊನೆಯ ವರ್ಷದ ಒಂದು ಹುಡುಗಿ. ಬಾಗಲೂರು ಕಡೆಯವಳು. ಬೆಳಿಗ್ಗೆ ಬೆಳಿಗ್ಗೆಯೇ ಅಲ್ಲಿನ ಪಾಲಿಹೌಸ್ ಒಂದರಲ್ಲಿ ಗುಲಾಬಿ ಕೊಯ್ದು, ಕಟ್ಟು ಕಟ್ಟಿಕೊಟ್ಟು, ಆಮೇಲೆ ಬಸ್ ಹಿಡಿದು ಬರುತ್ತಿದ್ದಳು. ಕಾಲೇಜು ಸೇರುವ ಹೊತ್ತಿಗೆ ಎರಡನೇ ಗಂಟೆ ಶುರುವಾಗಿರುತ್ತಿತ್ತು. ಮೂರನೇ ಗಂಟೆ ನನ್ನದು. ಮುಂದಿನ ಬೆಂಚಿನಲ್ಲಿ, ಬೆರಳಿಗೆ ಬ್ಯಾಂಡೇಜ್ ಪಟ್ಟಿ ಸುತ್ತಿಕೊಂಡು, ಕುತ್ತಿಗೆ ಬಗ್ಗಿಸಿ ಬರೆಯುತ್ತಾ ಕೂತಿರುತ್ತಿದ್ದಳು. ಒಂದು ದಿನವೂ ತಪ್ಪಿಸಿದ್ದು ನನಗೆ ನೆನಪಿಲ್ಲ. ಆದರೆ ಮೊದಲನೇ ಗಂಟೆಯಲ್ಲಿ ಅವಳು ಇರುತ್ತಿರಲಿಲ್ಲವಾದ್ದರಿಂದ, ನಕಲು ಮಾಡಿದ ನನ್ನ ಪುಸ್ತಕದಲ್ಲೂ ಅವಳು ಇಡೀ ವರ್ಷ ಗೈರು.

ನೋಟಿಸ್ ಬೋರ್ಡಿಗೆ ಪಟ್ಟಿ ಹಾಕಿದ ದಿನವೇ ಅವಳು ಸ್ಟಾಫ್ ರೂಮಿಗೆ ಬಂದಳು. ಜೊತೆಗೆ ಅರ್ಥಶಾಸ್ತ್ರದ ಎರಡು ನೋಟ್‌ಬುಕ್ಕು. ನನ್ನ ಮೇಜಿನ ಮೇಲೆ ತೆರೆದಿಟ್ಟಳು. ಪ್ರತಿ ಪುಟದ ಮೇಲೂ ತಾರೀಖು ಬರೆದಿದ್ದಳು.

"ಮೇಡಂ, ನೀವು ಹೇಳಿದ್ದೆಲ್ಲಾ ಬರ್ಕೊಂಡಿದೀನಿ ನೋಡಿ. ಕ್ಲಾಸಿಗೆ ಬರ್ದೇ ಇದ್ರೆ ಇದೆಲ್ಲಾ ನಂಗೆ ಹೆಂಗೆ ಸಿಕ್ತಿತ್ತು?"

"ಯಾರದೋ ನೋಡ್ಕೊಂಡು ಬರೆದಿರ್ಬಹುದಮ್ಮ. ನಂಗೇನ್ ಗೊತ್ತು?"

"ನೀವೇ ನನ್ನ ಎಷ್ಟೋ ಸಲ ಎಬ್ಬಿಸಿ ಪ್ರಶ್ನೆ ಕೇಳಿದೀರಲ್ಲಾ ಮೇಡಂ."

"ಪುಸ್ತಕ ಏನ್ ಹೇಳುತ್ತೋ ಅದೇ. ಮುಂದಿನ ವರ್ಷ ಬರಿ, ಹೋಗು."

ನನ್ನ ಪುಸ್ತಕದ ಗೈರು ತಿದ್ದಿ, ಪಕ್ಕದಲ್ಲೊಂದು ಸಹಿ ಹಾಕಿ, ಪಟ್ಟಿಯಿಂದ ಹೆಸರು ಹೊಡೆದುಹಾಕಿದ್ದರೆ ಆಗಿಹೋಗುತ್ತಿತ್ತು. ಕೆಂಪು ಪೆನ್ನು ಕೈಯಲ್ಲೇ ಇತ್ತು. ಹಾಕಲಿಲ್ಲ. ಹಿಂದಿನ ಸೆಮಿಸ್ಟರಿನಲ್ಲಿ ಅವಳು ಎರಡು ಪೇಪರಿನಲ್ಲಿ ಫೇಲಾಗಿದ್ದಳು, ಈ ಸಲವೂ ಫೇಲಾದರೆ ನನ್ನ ರಿಸಲ್ಟ್ ಇಳಿಯುತ್ತದೆ ಎಂಬುದೊಂದೇ ನನ್ನ ತಲೆಯಲ್ಲಿದ್ದದ್ದು. "ಮೂರ್ ವರ್ಷ ಅಂತ ಹೇಳಿ ಮನೇಲಿ ಒಪ್ಸಿದೀನಿ ಮೇಡಂ, ನಾಲ್ಕನೇದಕ್ಕೆ ಬಿಡಲ್ಲ" ಎಂದಳು. ನಾನು ಉತ್ತರಪತ್ರಿಕೆ ತಿದ್ದುವವಳ ಹಾಗೆ ತಲೆ ತಗ್ಗಿಸಿದೆ. ಅವಳು ನೋಟ್‌ಬುಕ್ಕು ಮುಚ್ಚಿಕೊಂಡು ಹೊರಟುಹೋದಳು.

ಆ ವರ್ಷ ರಿಸಲ್ಟ್ ಏರಿತು. ಕಾಲೇಜು ಉಳಿಯಿತು. ನನಗೆ ಶಾಲು ಹೊದಿಸಿದರು. ಅದನ್ನು ಸಂಜಯನಗರದ ಮನೆಗೆ ತಂದು ಬೀರುವಿನ ತಳಕ್ಕೆ ತುರುಕಿದವಳು ಇವತ್ತಿನವರೆಗೂ ಹೊದ್ದಿಲ್ಲ. ಹಾಜರಿ ಕರೆಯುವ ಪದ್ಧತಿ ಬದಲಾಯಿಸೋಣ ಎಂದು ಮೀಟಿಂಗಿನಲ್ಲಿ ಹೇಳಬೇಕು ಎಂದು ಪ್ರತಿ ಜೂನ್‌ನಲ್ಲೂ ಅಂದುಕೊಳ್ಳುತ್ತೇನೆ. ಹೇಳಿದರೆ, ಇಷ್ಟು ದಿನ ಯಾಕೆ ಸುಮ್ಮನಿದ್ರಿ ಎಂದು ಯಾರಾದರೂ ಕೇಳುತ್ತಾರೆ. ಆ ಹೆದರಿಕೆಗೆ ಬಾಯಿ ಮುಚ್ಚಿಕೊಂಡಿದ್ದೇನೆ. ಥೂ, ಎಂಥ ಹೆಂಗಸು ನಾನು!

ನಮ್ಮಂಥ ಕಾಲೇಜುಗಳಲ್ಲಿ ಬೇಸಿಗೆ ರಜೆ ಎಂದರೆ ಮಕ್ಕಳನ್ನು ಹುಡುಕಿಕೊಂಡು ಅಲೆಯುವುದು. ಆಟೋ ಮಾಡಿಕೊಂಡು ಊರೂರಿಗೆ ಹೋಗಿ, ಪಿಯುಸಿ ಪಾಸಾದವರ ಮನೆ ಬಾಗಿಲು ತಟ್ಟಿ, ನಮ್ಮಲ್ಲಿಗೇ ಸೇರಿ ಎಂದು ಕರಪತ್ರ, ಅರ್ಜಿ ಕೊಟ್ಟುಬರಬೇಕು. ಈ ಸಲ ನನ್ನ ಪಾಲಿಗೆ ಬಾಗಲೂರು ಬಂತು. ಕರಪತ್ರದ ನೆತ್ತಿಯ ಮೇಲೆ ನಮ್ಮ ರಿಸಲ್ಟ್ ದಪ್ಪ ಅಕ್ಷರದಲ್ಲಿತ್ತು.

ಮೂರನೆಯ ಮನೆಯ ಬಾಗಿಲು ತೆಗೆದವಳು ಅವಳೇ.

ಅವಳಿಗೆ ನನ್ನ ಗುರುತು ಹತ್ತಲು ಒಂದು ಗಳಿಗೆಯೂ ಹಿಡಿಯಲಿಲ್ಲ. "ಬನ್ನಿ ಮೇಡಂ" ಎಂದು ಚಾಪೆ ಹಾಸಿ, ಮಜ್ಜಿಗೆ ತಂದುಕೊಟ್ಟಳು. ಬೆರಳಿಗೆ ಈಗಲೂ ಪಟ್ಟಿ ಇತ್ತು. ಪಿಯುಸಿ ಪಾಸಾದದ್ದು ಅವಳ ತಂಗಿ. ಒಳಗಿಂದ ಅವರ ತಾಯಿ ಇಣುಕಿ, "ಚಿಕ್ಕವಳಾದ್ರೂ ಡಿಗ್ರಿ ಮುಗಿಸ್ಲಿ ಮೇಡಮ್ಮೋರೆ. ದೊಡ್ಡವಳ್ದು ಇಂಗಾಗೋಯ್ತು" ಎಂದರು. ಮಗಳು ತಾಯಿಗೆ ಏನನ್ನೂ ಬಿಡಿಸಿ ಹೇಳಿಲ್ಲವೆಂದು ಆಗ ನನಗೆ ತಿಳಿಯಿತು.

ಅವಳು ಕರಪತ್ರವನ್ನು ಪೂರ್ತಿ ಓದಿದಳು. ಆಮೇಲೆ ಒಂದೇ ಪ್ರಶ್ನೆ ಕೇಳಿದಳು.

"ಹಾಜರಿ ಈಗ್ಲೂ ಮೊದ್ಲನೇ ಗಂಟೇಲೇ ಕರೆಯೋದಾ ಮೇಡಂ?"

ಕೈಯಲ್ಲಿದ್ದ ಮಜ್ಜಿಗೆ ಲೋಟ ಕೆಳಗಿಟ್ಟೆ. "ಹೂಂ ಕಣಮ್ಮ" ಎಂದೆ. ಆಮೇಲೆ ತಡೆಯಲಾಗದೆ, "ನೀನು ದಿನಾ ಬರ್ತಿದ್ದೆ ಅಂತ ನಂಗೆ ಗೊತ್ತಿತ್ತು. ಗೊತ್ತಿದ್ದೇ ತಡೆದೆ. ತಪ್ಪಾಯ್ತು" ಎಂದೆ.

"ನಿಮಗೆ ಗೊತ್ತಿತ್ತು ಅಂತ ನಂಗೂ ಗೊತ್ತಿತ್ತು ಮೇಡಂ."

ದನಿಯಲ್ಲಿ ಸಿಟ್ಟಿರಲಿಲ್ಲ. ಬೈದಿದ್ದರೆ ಎಷ್ಟೋ ವಾಸಿಯಿತ್ತು. ಈಗಲಾದರೂ ಪರೀಕ್ಷೆ ಕಟ್ಟು, ನಾನೇ ಓಡಾಡಿ ಮಾಡಿಸಿಕೊಡುತ್ತೇನೆ ಎಂದೆ. "ಹೋಗಿ ಕೇಳ್ಕೊಂಡ್ ಬಂದೆ ಮೇಡಂ, ಹೋದ ವರ್ಷ. ಡಿಗ್ರಿ ಮುಗ್ಸೋಕೆ ಕೊಟ್ಟಿರೋ ಅವಧಿ ಮುಗೀತಂತೆ" ಎಂದಳು. ಚೀಲ ಎತ್ತಿಕೊಂಡು ಎದ್ದು ನಿಂತೆ.

"ಅರ್ಜಿ ಕೊಡ್ದೇ ಹೊರಟ್ರಲ್ಲಾ?"

"ಬೇರೆ ಒಳ್ಳೇ ಕಾಲೇಜಿಗೆ ಸೇರ್ಸಮ್ಮ ನಿನ್ ತಂಗೀನ."

"ಬಸ್ಸಿಗೆ ಹತ್ರ ನಿಮ್ದೇ ಮೇಡಂ. ಕೊಡಿ." ನಾನು ಚೀಲದಿಂದ ತೆಗೆದ ಅರ್ಜಿಯನ್ನು ಇಸಿದುಕೊಂಡು, ಚಾಪೆಯ ಮೇಲೆ ಕೂತು, ತಂಗಿಯ ಹೆಸರನ್ನು ದುಂಡಗೆ ಬರೆದಳು. ಬರೆಯುತ್ತಲೇ ಹೇಳಿದಳು, "ಹೂವಿನ ಕೆಲಸಕ್ಕೆ ಇವಳನ್ನ ಕಳ್ಸಲ್ಲ. ಅದಕ್ಕೆ ನಾನಿದೀನಿ. ಇವಳು ಮೊದ್ಲನೇ ಗಂಟೆಗೇ ಬರ್ತಾಳೆ."