ಕೊಲ್ಹಾಪುರಕ್ಕೆ ಹೋದ ಎರಡು ಸೋರೆಬುರುಡೆಗಳು

ದೇಶ ಸುತ್ತಿದರೆ ಮನುಷ್ಯನ ಬುದ್ಧಿ ಬೆಳೆಯುತ್ತದೆ ಎಂದು ಹಿರಿಯರು ಹೇಳಿದ್ದಾರೆ. ನಮ್ಮ ಮನೆಯಲ್ಲಿ ಬೆಳೆದದ್ದು ಸೋರೆಕಾಯಿ. ಅದನ್ನು ಹೊತ್ತುಕೊಂಡೇ ನಾವು ದೇಶ ಸುತ್ತಬೇಕಾಯಿತು.

ನಮ್ಮೂರು ಮಹಾರಾಷ್ಟ್ರದ ಗಡಹಿಂಗ್ಲಜದ ಹತ್ತಿರ. ಊರ ಮಠದಲ್ಲಿ ಸೋಮವಾರದ ಭಜನೆಗೆ ನುಡಿಸುತ್ತಿದ್ದ ತಂಬೂರಿಯ ಬುರುಡೆ ಸೀಳಿಹೋಗಿತ್ತು. ನಮ್ಮ ಕಾಕಾ ಭಜನೆಯವರೆಲ್ಲರ ಎದುರು ಎದ್ದು ನಿಂತು, “ಹೊಸಾ ತಂಬೂರಿಗೆ ಬುರಡಿ ನನ್ನ ಹೊಲದ್ದ!” ಎಂದು ಮಾತು ಕೊಟ್ಟರು. ಆಮೇಲೆ ಬೇಲಿಯ ಮೇಲಿನ ಒಂದು ಸೋರೆಕಾಯನ್ನು, ಮೊದಲ ಮಗನನ್ನೂ ಹಾಗೆ ನೋಡಿಕೊಂಡಿರಲಿಲ್ಲ, ಅಷ್ಟು ಜೋಪಾನವಾಗಿ ಬೆಳೆಸಿ ಒಣಗಿಸಿದರು. ಕೊಲ್ಹಾಪುರದ ವಾದ್ಯಗಳ ಸಂಗ್ರಹಾಲಯಕ್ಕೆ ಪ್ರತಿ ಗುರುವಾರ ಮಿರಜದ ಒಬ್ಬ ಕಾರಾಗೀರ ಬಂದು ಹಳೆಯ ವಾದ್ಯಗಳನ್ನು ದುರಸ್ತಿ ಮಾಡುತ್ತಾನೆ, ಬುರುಡೆ ಒಪ್ಪಿಗೆಯಾದರೆ ತಂಬೂರಿ ಕಟ್ಟಿಕೊಡುತ್ತಾನೆ ಎಂದು ಸುದ್ದಿ ಬಂತು. ಒಪ್ಪಿಗೆಯಾಗದಿದ್ದರೆ ಕಾಕಾ ಯಾವ ಮುಖ ಹೊತ್ತು ಮಠಕ್ಕೆ ಹೋಗಬೇಕು?

ಗುರುವಾರ ಬೆಳಗಿನ ಬಸ್ಸಿಗೆ ಕಾಕಾ, ಕಾಕಿ, ನಾನು, ನನ್ನ ಹೆಂಡತಿ ಹೊರಟೆವು. ಕಾಕಾನ ಬುರುಡೆ ಕೌದಿಯಲ್ಲಿ ಸುತ್ತಿಕೊಂಡು ಅವರ ತೊಡೆಯ ಮೇಲೆ ಕುಳಿತಿತ್ತು. ಕಾಕಿಯ ಬಳಿಯೂ ಒಂದು ಬುರುಡೆಯಿತ್ತು. ಅದು ಅವರ ತವರು ಹಲಕರ್ಣಿಯದು. ವರ್ಷಗಟ್ಟಲೆ ಅವರೆಬೀಜ ತುಂಬಿಡುತ್ತಿದ್ದ, ಕಪ್ಪಿಟ್ಟ ಬುರುಡೆ. ಆ ದಿನ ಅದರಲ್ಲಿ ಚುರಮರಿ, ಶೇಂಗಾ ತುಂಬಿದ್ದರು. ಬುರುಡೆಯೊಳಗಿನ ಚುರಮರಿ ಮೆತ್ತಗಾಗುವುದಿಲ್ಲ.

“ಶಹರಕ್ಕ ಹೊಂಟೇವಿ, ಈ ಹಲಕರ್ಣಿ ಬುರಡಿ ಯಾಕ ತಂದಿ? ಮರ್ಯಾದಿ ಐತಿಲ್ಲೋ?” ಎಂದರು ಕಾಕಾ.

“ಮರ್ಯಾದಿ ನಿಮ್ಮ ಬುರಡ್ಯಾಗ ಇರಲ್ರಿ. ಚುರಮರಿ ನನ್ನ ಬುರಡ್ಯಾಗ ಇರಲಿ.”

ಕಂಡಕ್ಟರ್ ಕೌದಿಯನ್ನು ಮುಟ್ಟಿ ನೋಡಿ, “ಇದರ ತಿಕೀಟ ಯಾರು ತಗೀತೀರಿ?” ಎಂದ.

“ತೊಡೀ ಮ್ಯಾಲಿನ ಕೂಸಿಗೆ ತಿಕೀಟ ಐತೇನೋ ಯಪ್ಪಾ?” ಎಂದರು ಕಾಕಿ. ಕಂಡಕ್ಟರ್ ಕಾನೂನನ್ನು ನೆನಪಿಸಿಕೊಳ್ಳಲು ಯತ್ನಿಸಿ ಮುಂದೆ ಹೋದ.

ದಾರಿ ಸುಮಾರು ನಲವತ್ತು ಮೈಲಿ. ಸಂಕೇಶ್ವರದ ಬಳಿ ಮೈಸೂರು ರಾಜ್ಯವನ್ನು ಹೊಕ್ಕು, ನಿಪ್ಪಾಣಿ ದಾಟಿ ಮತ್ತೆ ಮಹಾರಾಷ್ಟ್ರಕ್ಕೆ ಬಂದೆವು. ಎರಡು ರಾಜ್ಯಗಳ ಧೂಳೂ ಒಂದೇ ಬಣ್ಣದ್ದು.

ಕೊಲ್ಹಾಪುರದಲ್ಲಿ ಮೊದಲು ರಂಕಾಳ ಕೆರೆಗೆ ಹೋದೆವು. ಬಿಸಿಲು ಹಿತವಾಗಿತ್ತು. ನೀರು ಅಲುಗುತ್ತಿರಲಿಲ್ಲ. ಮೆಟ್ಟಿಲ ಮೇಲೆ ಕುಳಿತು ರೊಟ್ಟಿ, ಝುಣಕ ತಿಂದೆವು. ಕಾಕಾ ಮಾತ್ರ ತಿನ್ನಲಿಲ್ಲ. ಕೌದಿ ಬಿಚ್ಚಿ, ಸಣ್ಣ ಸೀಸೆಯೊಂದರಿಂದ ಕುಸುಬಿ ಎಣ್ಣೆ ಸುರುವಿಕೊಂಡು ಬುರುಡೆಯನ್ನು ತಿಕ್ಕತೊಡಗಿದರು. ಕಾರಹುಣ್ಣಿವೆಗೆ ಎತ್ತಿನ ಕೋಡು ತಿಕ್ಕುವ ಕೈ ಅದು. ಒಂದು ತಿಂಗಳಿಂದ ದಿನಾ ತಿಕ್ಕುತ್ತಿದ್ದರಂತೆ. ಬುರುಡೆಯಲ್ಲಿ ಕೆರೆಯೇ ಕಾಣುವಷ್ಟು ಹೊಳಪು ಬಂದಿತ್ತು.

ಸಂಗ್ರಹಾಲಯ ಹಳೆಯ ವಾಡೆಯೊಂದರಲ್ಲಿತ್ತು. ಗಾಜಿನ ಪೆಟ್ಟಿಗೆಗಳಲ್ಲಿ ವೀಣೆ, ಸಾರಂಗಿ, ಶಹನಾಯಿ ಎಲ್ಲವೂ ಬಾಯಿ ಮುಚ್ಚಿಕೊಂಡು ಮಲಗಿದ್ದವು. “ಇಷ್ಟ ಮಂದಿ ಇದ್ರೂ ಒಂದರ ಸಪ್ಪಳಿಲ್ಲ. ನಮ್ಮನ್ಯಾಗ ನೀವೊಬ್ಬರ ಸಾಕು,” ಎಂದರು ಕಾಕಿ ಕಾಕಾನ ಕಡೆ ತಿರುಗಿ. ಕಾಕಾ ಆಗಲೇ ಕೌದಿಯ ಗಂಟು ಬಿಚ್ಚುತ್ತಿದ್ದರು.

ಹಿಂದಿನ ಕೋಣೆಯಲ್ಲಿ ಕಾರಾಗೀರ ಸಿತಾರೊಂದನ್ನು ಬಿಚ್ಚಿಕೊಂಡು ಕುಳಿತಿದ್ದ. ಕಾಕಾ ಮುಂದಿಟ್ಟ ಬುರುಡೆಯ ಮೇಲೆ ಬೆರಳಾಡಿಸಿದ, ಬೆರಳು ಮೂಸಿದ. “ಹ್ಯಾಲಾ ತೇಲ ಕುಣೀ ಲಾವ್ಲಂ?” ಎಂದ. ಎಣ್ಣೆ ಯಾರು ಹಚ್ಚಿದರು ಎಂಬ ಆ ಪ್ರಶ್ನೆಗೆ ಕಾಕಾ ಹೆಮ್ಮೆಯಿಂದ ಎದೆ ಮುಟ್ಟಿಕೊಂಡರು.

“ಕೆಲಸ ಕೆಡಿಸೀರಿ ಕಾಕಾ. ಎಣ್ಣಿ ಕುಡದ ಬುರಡಿಗೆ ಅಂಟು ಹತ್ತೂದಿಲ್ರಿ. ತಂತಿ ಬಿಗದ್ರ ಕಟಿಗಿ ಕಿತ್ತ ಬರತೈತಿ,” ಎಂದ ಕಾರಾಗೀರ ಕನ್ನಡಕ್ಕೆ ಹೊರಳಿ.

ಕಾಕಾ ಅಲ್ಲೇ ಕುಳಿತುಬಿಟ್ಟರು. ಹೊಲದ ಬೇಲಿಯಲ್ಲಿ ಬೇರೆ ಕಾಯಿ ಇರಲಿಲ್ಲ. ಇಂಥ ಹೊತ್ತಿನಲ್ಲಿ ಮಾಡುವುದನ್ನೇ ಕಾಕಿ ಮಾಡಿದರು: ಎಲ್ಲರಿಗೂ ಚುರಮರಿ ಕೊಟ್ಟರು, ಕಾರಾಗೀರನಿಗೂ. ಅವನು ಚುರಮರಿ ಬಾಯಿಗೆ ಹಾಕಲಿಲ್ಲ. ಬುರುಡೆಯನ್ನೇ ಇಸಿದುಕೊಂಡು ಉಳಿದದ್ದನ್ನು ಕಾಗದದ ಮೇಲೆ ಸುರುವಿದ, ಬೆರಳಿನಿಂದ ತಟ್ಟಿದ, ಕಿವಿಗೆ ಹಿಡಿದು ಮತ್ತೆ ತಟ್ಟಿದ.

“ಇದನ್ನ ಕೊಡ್ರಿ. ಇದಕ್ಕ ಎಣ್ಣಿ ಹತ್ತಿಲ್ಲ. ಬಾಯಿ ಕೊಯ್ದದ್ದೂ ಬರೋಬ್ಬರಿ ಜಾಗಾದಾಗ ಐತಿ.”

ಕಾಕಾ ತಲೆಯೆತ್ತಿದರು. ಕಾಕಿ ಬುರುಡೆಯನ್ನು ಮರಳಿ ಮಡಿಲಿಗೆಳೆದುಕೊಂಡರು. “ನಮ್ಮವ್ವ ಕೊಟ್ಟದ್ದರಿ ಇದು,” ಎಂದರು ಮೆಲ್ಲಗೆ. ತುಸು ಹೊತ್ತು ಅದರ ಹೊಟ್ಟೆಯ ಮೇಲೆ ಕೈಯಾಡಿಸಿದರು. ಆಮೇಲೆ ಗಂಡನ ಕಡೆ ನೋಡಿದರು.

“ಕೊಡತೇನಿ. ಆದ್ರ ಸೋಮವಾರ ಮಠದಾಗ ಎಲ್ಲಾರ ಮುಂದ ನಿಂತು, ತಂಬೂರಿಗೆ ಹಲಕರ್ಣಿ ಬುರಡಿ ಹಾಕೇವಿ ಅಂತ ನೀವ ಹೇಳಬೇಕು.”

ಕಾಕಾ ಬಾಗಿಲಾಚೆಯ ವೀಣೆಗಳನ್ನು ನೋಡಿದರು. ಅವು ನೆರವಿಗೆ ಬರಲಿಲ್ಲ.

“ಆತ ಮಾರಾಯ್ತಿ, ಹೇಳತೇನಿ.”

ಸಂಜೆಯ ಬಸ್ಸು ಹೊರಟಾಗ ಹೊಳೆಯುವ ಬುರುಡೆ ಕಾಕಿಯ ತೊಡೆಯ ಮೇಲಿತ್ತು. ಬೀಜ ತುಂಬಲು ಅದಕ್ಕೇನೂ ಅಡ್ಡಿಯಿಲ್ಲ, ಎಣ್ಣೆ ಹಚ್ಚಿದ್ದರಿಂದ ಹುಳವೂ ಹತ್ತುವುದಿಲ್ಲ ಎಂದು ಅವರು ನಿಪ್ಪಾಣಿಯವರೆಗೂ ಸಮಾಧಾನ ಹೇಳಿದರು.

ಸೋಮವಾರ ಕಾಕಾ ಮಠದಲ್ಲಿ ಎದ್ದು ನಿಂತು ಹೇಳಿದರು. ಕಾಕಿ ಹಿಂದಿನ ಸಾಲಿನಲ್ಲಿ ಕುಳಿತಿದ್ದರು, ಕೇಳಿಸಲಿಲ್ಲವೆಂದರು. ಕಾಕಾ ಇನ್ನೊಮ್ಮೆ ಹೇಳಿದರು.