ಸೇತುವೆಯಡಿಯ ಕಲ್ಲು ಮತ್ತು ಭಾವನ ಕೂಗು

ಗಾಳ ಹಿಡಿದು ಹೊರಟವರನ್ನು ‘ಎಲ್ಲಿಗೆ’ ಎಂದು ಕೇಳಬಾರದು. ಕೇಳಿದರೆ ಆ ದಿನ ಮೀನು ಕೈಗೆ ಹತ್ತುವುದಿಲ್ಲ ಎಂಬುದು ನಮ್ಮ ಕಡೆಯ ನಂಬಿಕೆ. ಹೊಳೆ ದಡದಲ್ಲಿ ಕೂತರೂ ಖುಷಿಯೇ ಆಗದಂತಾದಾಗ ನಾನು ಮೊದಲು ಅನುಮಾನಪಟ್ಟದ್ದು ಹೆಂಡತಿಯ ಬಾಯಿಯನ್ನು. ಬೆನ್ನ ಹಿಂದೆ ಮೆಲ್ಲಗೆ ಕೇಳಿಬಿಡುತ್ತಾಳೋ ಏನೋ ಎಂದು ಗೇಟು ದಾಟುವವರೆಗೂ ಕಿವಿ ನಿಮಿರಿಸಿಕೊಂಡೇ ಹೋಗುತ್ತಿದ್ದೆ.

ಆದರೆ ಮೀನು ಸಿಗುತ್ತಲೇ ಇತ್ತು! ಮೊದಲೆಲ್ಲ ಹೆಮ್ಮಾಡಿಯ ಹೊಳೆಯಲ್ಲಿ ಒಂದು ಕಾಣೆ ಮೀನು ದಾರ ಜಗ್ಗಿದರೆ ನನ್ನ ಎದೆ ಢವಗುಟ್ಟುತ್ತಿತ್ತು. ಈಗ ಬಾವಿಯಿಂದ ಕೊಡಪಾನ ಎಳೆದ ಹಾಗೆ, ಅಷ್ಟೇ. ಪಕ್ಕದಲ್ಲಿ ಕೂರುವ ಭಾವ, ನನ್ನ ತಂಗಿಯ ಗಂಡ, ಮಾತ್ರ ಬೆರಳುದ್ದದ ಮೀನಿಗೂ ‘ಹ್ವಾಯ್, ಬಂತ್ ಕಾಣಿ!’ ಎಂದು ನನಗೆ ತೋರಿಸುತ್ತ ಕುಣಿಯುತ್ತಿದ್ದರು. ಅನುಮಾನ ಹೆಂಡತಿಯನ್ನು ಬಿಟ್ಟು ಭಾವನ ಹೆಗಲೇರಿತು. ನಾನು ಬೇಸತ್ತು ಬರುವುದನ್ನು ಬಿಟ್ಟರೆ ಸೇತುವೆಯಡಿಯಲ್ಲಿ ನಾನು ಕೂರುವ, ಮೀನು ಹೆಚ್ಚು ಸಿಗುವ ಕಲ್ಲು ಅವರದೇ ತಾನೆ?

ಬ್ರಹ್ಮಾವರದ ಕಾಲೇಜಿನಲ್ಲಿ ಜೀವಶಾಸ್ತ್ರ ಕಲಿಸುವ ಮಗಳ ಹತ್ತಿರ ಹೇಳಿಕೊಂಡೆ. ನಕ್ಕಳು. ‘ಅಪ್ಪಯ್ಯ, ಇನ್ನೇನ್ ಸಿಕ್ತ್ ಅನ್ನೂ ಉಮೇದಿಗೆ ಮಿದುಳಲ್ಲಿ ಡೋಪಮೈನ್ ಅಂದೇಳಿ ಒಂದ್ ರಾಸಾಯನಿಕ ಇತ್ತ್. ಅದನ್ನ ಹಿಡ್ಕಂಬು ಗ್ರಾಹಕಗಳು ಪ್ರಾಯ ಆದ್ಹಾಂಗೆ ಕಮ್ಮಿ ಆತ್ವ್. ನಿಮ್ಗ್ ಮಾತ್ರ ಅಲ್ಲ, ಎಲ್ರಿಗೂ.’

ಎಲ್ಲರಿಗೂ ಎಂದಳಲ್ಲ, ಅಲ್ಲೇ ನನ್ನ ಅನುಮಾನ ಬಲಿತದ್ದು. ಭಾವನಿಗೂ ನನಗೂ ಒಂದೇ ಪ್ರಾಯ. ನನ್ನ ತಲೆಯಲ್ಲಿ ಬತ್ತಿದ್ದು ಅವರ ತಲೆಯಲ್ಲಿ ಮಾತ್ರ ಹೇಗೆ ತುಂಬಿ ತುಳುಕುತ್ತದೆ? ಇದರಲ್ಲಿ ಏನೋ ಮಸಲತ್ತಿದೆ. ಸಿಟ್ಟು ನೆತ್ತಿಗೇರಿತು.

ಮರುದಿನ ಕಲ್ಲಿನ ಮೇಲೆ ಕೂತವನೇ ಕೇಳಿಬಿಟ್ಟೆ. ‘ಭಾವ, ಹೌದ್ ಹೇಳಿ. ನಾನ್ ಬಪ್ಪೂದ್ ಬಿಡ್ಕ್ ಅಂದೇಳಿಯೇ ಕುಣಿವ್ದಾ ನೀವ್?’

ಗಾಳಕ್ಕೆ ಸಿಗಡಿ ಚುಚ್ಚುತ್ತಿದ್ದ ಭಾವನ ಕೈ ನಿಂತಿತು. ‘ಎಂತ ಮಾತ್ ಮಾರ್ರೆ ಇದ್! ನಂಗೂ ಈಗ ಎಂತದೂ ಆತಿಲ್ಲೆ. ನೀವ್ ಮೋರಿ ಸಪ್ಪಗ್ ಮಾಡ್ಕಂಡ್ ಕೂಕಂತ್ರಿ. ನಾನೂ ಹಾಂಗೇ ಕೂಕಂಡ್ರೆ ನೀವ್ ನಾಳಿಂದ ಬತ್ರಿಯಾ? ಇಲ್ಲಿ ಒಬ್ನೇ ಕೂಕಂಬುಕೆ ನಂಗೆ ಹೆದ್ರಿಕಿ.’

ನನಗೆ ನಾಚಿಕೆಯಾಯಿತು. ಆದರೂ ಹುಟ್ಟುಗುಣ ಎಲ್ಲಿ ಹೋಗುತ್ತದೆ? ಇದೂ ನಾಟಕವೋ ಎಂದು ಅವರ ಮುಖವನ್ನೇ ನೋಡುತ್ತ ಕೂತೆ. ಅಷ್ಟರಲ್ಲಿ ಅವರ ದಾರ ಜಗ್ಗಿತು. ಭಾವ ಕೂಗಲಿಲ್ಲ. ಒಗೆದ ಬಟ್ಟೆ ಎತ್ತುವವರಂತೆ ಸುಮ್ಮನೆ ದಾರ ಎಳೆಯತೊಡಗಿದರು.

ನಾನು ಕಲ್ಲಿನಿಂದ ಎದ್ದು ನಿಂತು ಕೂಗಿದೆ: ‘ಹ್ವಾಯ್, ಬಂತ್ ಕಾಣಿ!’