ಲಾಗಿನ್ ಅಕ್ಕ ತೆಗೆಯದ ಸಾಲು

ನಮ್ಮ ಆಫೀಸಿನಲ್ಲಿ ಯಾರದೇ ಕಂಪ್ಯೂಟರ್ ಲಾಗಿನ್ ಆಗುವಾಗ ದೋಷದ ಸಾಲುಗಳನ್ನು ಕಾರಿಕೊಂಡರೂ ಅವರು ನನ್ನ ಮೇಜು ದಾಟಿ ನೇರ, ಎಲ್ಲರೂ 'ಲಾಗಿನ್ ಅಕ್ಕ' ಎಂದು ಕರೆಯುವ ಸಹೋದ್ಯೋಗಿಯ ಹತ್ತಿರ ಓಡುತ್ತಾರೆ. ಅದೇ ಕೆಲಸಕ್ಕೆ ಸಂಬಳ ಪಡೆಯುವ ನಾನು ಅವರ ಕಣ್ಣಿಗೆ ಕಂಬ. ಆಕೆಯೋ ಕೀಬೋರ್ಡ್ ಮುಟ್ಟುವುದೂ ಇಲ್ಲ, ಕಾಫಿ ಲೋಟ ಹಿಡಿದು ಹಿಂದೆ ನಿಂತು, "ಲಾಗಿನ್ ಆದಾಗ ತಾನಾಗೇ ಓಡೋ ಸ್ಟಾರ್ಟಪ್ ಸ್ಕ್ರಿಪ್ಟಿಗೆ ಏನು ಸೇರಿಸಿದ್ರಿ?" ಎನ್ನುತ್ತಾಳೆ. "ನಾನೇನೂ ಮುಟ್ಟಿಲ್ಲ ಅಕ್ಕಾ!" "ಗೊತ್ತು, ಯಾರೂ ಮುಟ್ಟಿರಲ್ಲ. ಅದರಲ್ಲಿರೋ ಸಾಲುಗಳಲ್ಲಿ ಅರ್ಧದಷ್ಟು ಓಡದ ಹಾಗೆ ಮಾಡಿ, ಬೇರೆ ವಿಂಡೋದಲ್ಲಿ ಲಾಗಿನ್ ಆಗಿ. ಹಳೇ ವಿಂಡೋ ಮುಚ್ಚಿದ್ರೋ, ಆಮೇಲೆ ಒಳಗೆ ಬರೋ ದಾರಿ ನನ್ನ ಕೇಳ್ಬೇಡಿ." ಅರ್ಧ, ಅದರಲ್ಲಿ ಅರ್ಧ, ಕೊನೆಗೆ ಯಾರೋ ಮುಚ್ಚದೆ ಬಿಟ್ಟ ಬ್ರಾಕೆಟ್ ಕಳ್ಳನಂತೆ ಸಿಕ್ಕಿಬೀಳುತ್ತದೆ. ಇಷ್ಟು ನನಗೂ ಬರುತ್ತದೆ! ಆದರೆ ಆಕೆ ಸೀನಿದರೂ ಸ್ಕ್ರಿಪ್ಟ್ ಸರಿಹೋಗುತ್ತದೆಂದು ಕ್ಯಾಂಟೀನಿನವನೂ ನಂಬಿದ್ದಾನೆ. ಮೊನ್ನೆ ಆಕೆಯೇ ಲಾಗಿನ್ ಆಗುವಾಗ ಇಣುಕಿದೆ: 'ಫೈಲ್ ಸಿಗಲಿಲ್ಲ' ಎಂಬ ಸಾಲು! ಹಾಲು ಕುಡಿದಷ್ಟು ಸಂತೋಷವಾಯಿತು. "ಅಕ್ಕಾ, ನಿಮ್ಮದೇ ಕೆಟ್ಟಿದೆಯಲ್ಲ, ಸರಿ ಮಾಡ್ಲಾ?" ಎಂದೆ. "ಬೇಡ," ಎಂದಳು. "ನಿಮ್ಮ ಕುರ್ಚೀಲಿ ಮುಂಚೆ ಇದ್ದ ಹಿರಿಯರು, ನಾನು ಲಾಗಿನ್ ಆದಾಗೆಲ್ಲ 'ಬಂದ್ಯಾ ಮಗಳೇ' ಅಂತ ಪರದೆ ಮೇಲೆ ಬರೋ ಹಾಗೆ ಒಂದು ಫೈಲ್ ಬರೆದುಕೊಟ್ಟಿದ್ರು. ಅವರು ತೀರಿಕೊಂಡ ಮೇಲೆ ಅವರ ಫೈಲೆಲ್ಲ ಅಳಿಸಿಬಿಟ್ರು. ಆ ಫೈಲನ್ನ ಕರೆಯೋ ಸಾಲು ಮಾತ್ರ ನನ್ನ ಸ್ಕ್ರಿಪ್ಟಲ್ಲಿ ಉಳ್ಕೊಂಡಿದೆ. ಕರೀತಾ ಇರ್ಲಿ ಬಿಡಿ." ನನ್ನ ಕಂಪ್ಯೂಟರ್ ಮಾತ್ರ ದಿನಾ ಬೆಳಿಗ್ಗೆ ಒಂದೂ ದೋಷವಿಲ್ಲದೆ ತೆರೆದುಕೊಳ್ಳುತ್ತದೆ, ನನಗೆಂದು ಅದರಲ್ಲಿ ಯಾರೂ ಏನೂ ಬರೆದಿಟ್ಟಿಲ್ಲ.